ಬೆಕ್ಕು ತಲೆಕೆಳಗಾಗಿ ನಡೆದರೆ ಏನು ಮಾಡೋದು?

ಓದುಗರ ಪ್ರಶ್ನೆ – ಉತ್ತರ

ಬೇಸಿಗೆ ರಜೆ ಹತ್ತಿರ ಬರುತ್ತಿದ್ದ ಹಾಗೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅರ್ಧ ಮಕ್ಕಳ ಕೋಡಿಂಗ್ ಬಗ್ಗೆಯೇ. ಅದರಲ್ಲೂ ಸ್ಕ್ರ್ಯಾಚ್ ಬಗ್ಗೆ. ಹಾಗಾಗಿ ಈ ಸಲ ಮೊಬೈಲ್ ರಿಪೇರಿ, ಪ್ರಿಂಟರ್ ತಕರಾರು ಎಲ್ಲ ಪಕ್ಕಕ್ಕಿಟ್ಟಿದ್ದೇನೆ, ಆ ಪತ್ರ ಬರೆದವರು ಬೇಜಾರು ಮಾಡ್ಕೋಬೇಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕ್ರ್ಯಾಚ್ ಅಂದರೆ ಮಕ್ಕಳಿಗೆ ಕೋಡಿಂಗ್, ಅಂದರೆ ಕಂಪ್ಯೂಟರ್‌ಗೆ ಆಜ್ಞೆ ಬರೆಯೋದು, ಕಲಿಸುವ ಭಾಷೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಾಡಿದ್ದು, ಜನರ ಕೈಗೆ ಬಂದದ್ದು 2007ರಲ್ಲಿ. ಇದರಲ್ಲಿ ಕೋಡ್ ಟೈಪ್ ಮಾಡುವುದಿಲ್ಲ. ಬಣ್ಣಬಣ್ಣದ ಬ್ಲಾಕ್‌ಗಳನ್ನು ಮೌಸ್‌ನಿಂದ ಎಳೆದು ಒಂದರ ಕೆಳಗೊಂದು ಜೋಡಿಸಬೇಕು, ಹಸಿರು ಬಾವುಟ ಒತ್ತಿದರೆ ಪರದೆ ಮೇಲಿನ ಬೆಕ್ಕು ಅದರಂತೆ ನಡೆಯುತ್ತದೆ. 8ರಿಂದ 16 ವರ್ಷದವರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ಪೂರ್ತಿ ಉಚಿತ.

ಮಗ ನಾಲ್ಕನೇ ಕ್ಲಾಸು. ಮನೆ ಹತ್ತಿರದ ಕೋಚಿಂಗ್ ಸೆಂಟರ್‌ನಲ್ಲಿ ಸ್ಕ್ರ್ಯಾಚ್ ಕಲಿಸಲು 18,000 ಕೇಳುತ್ತಿದ್ದಾರೆ. ಸರ್ಟಿಫಿಕೇಟ್ ಕೊಡ್ತಾರಂತೆ. ಈಗಲೇ ಶುರು ಮಾಡದಿದ್ದರೆ ಮುಂದೆ ಕಷ್ಟ ಅಂತ ಹೆದರಿಸ್ತಾರೆ. ನಾನು ಕಂಪ್ಯೂಟರ್ ಓದಿದವಳಲ್ಲ. ಸೇರಿಸಲಾ? – ಒಬ್ಬ ತಾಯಿ, ದಾವಣಗೆರೆ

ಮೊದಲು ಆ ಹೆದರಿಕೆ ಬಿಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಕೋಡಿಂಗ್ ಚಟುವಟಿಕೆಗಳನ್ನು ಇಟ್ಟಿರುವುದು ಮಧ್ಯಮ ಹಂತದಲ್ಲಿ, ಅಂದರೆ ಆರನೇ ತರಗತಿಯ ಆಸುಪಾಸು. ಸಿಇಟಿಗೂ ಜೆಇಇಗೂ ಈ ಸರ್ಟಿಫಿಕೇಟ್ ತೋರಿಸಿ ಒಂದು ಮಾರ್ಕು ಸಿಗುವುದಿಲ್ಲ. ಲಾಕ್‌ಡೌನ್ ಕಾಲದಲ್ಲಿ ಇಂಥ ಜಾಹೀರಾತುಗಳದ್ದೇ ಹಾವಳಿ ಇತ್ತಲ್ವಾ, ಈಗ ಅದೇ ಮಾತು ಬೀದಿ ಬೀದಿಗೆ ಬಂದಿದೆ ಅಷ್ಟೇ.

ಸಾಫ್ಟ್‌ವೇರ್‌ಗೆ ದುಡ್ಡಿಲ್ಲ, ಪಾಠದ ವಿಡಿಯೋಗಳು ಅದರೊಳಗೇ ಇವೆ. ಹಾಗಾದರೆ 18,000 ಯಾತಕ್ಕೆ? ಕಲಿಸುವವರ ಸಮಯಕ್ಕೆ. ಅದೇನೂ ತಪ್ಪಲ್ಲ, ಒಳ್ಳೆಯ ಮೇಷ್ಟ್ರು ಸಿಕ್ಕರೆ ಕೊಟ್ಟಿದ್ದು ದಂಡ ಆಗಲ್ಲ. ಆದರೆ ಕಟ್ಟುವ ಮುಂಚೆ ಒಂದು ಕ್ಲಾಸಿನಲ್ಲಿ ಹಿಂದೆ ಕೂತು ನೋಡ್ತೀನಿ ಅಂತ ಕೇಳಿ. ಮೌಸ್ ಯಾರ ಕೈಯಲ್ಲಿದೆ ನೋಡಿ. ಮಗು ತಡವರಿಸಿದ ಕೂಡಲೇ ಮೇಷ್ಟ್ರು ಮೌಸ್ ಕಿತ್ಕೊಂಡು ತಾವೇ ಮಾಡಿಬಿಟ್ಟರೆ ಎದ್ದು ಬನ್ನಿ. ಹಿಂದಿನ ಬ್ಯಾಚಿನ ಮಕ್ಕಳು ಮಾಡಿದ್ದನ್ನು ತೋರಿಸಿ ಅನ್ನಿ. ಹತ್ತು ಮಕ್ಕಳದ್ದೂ ಬೀಳುವ ಸೇಬನ್ನು ಬುಟ್ಟಿಯಲ್ಲಿ ಹಿಡಿಯುವ ಒಂದೇ ಆಟ, ಅದೇ ಬುಟ್ಟಿ, ಅದೇ ಸೇಬು ಇದ್ದರೆ ಅಲ್ಲಿ ನಡೆದದ್ದು ಬೋರ್ಡ್ ನೋಡಿ ಕಾಪಿ ಮಾಡುವ ಕೆಲಸ. ಅಲ್ಲಿ ಕಲಿತ ಮಗು ಯಾರಾದರೂ ಸಿಕ್ಕರೆ, ‘ಈ ಸೇಬು ಮೇಲಿಂದ ಬೀಳೋ ಬದಲು ಕೆಳಗಿಂದ ಮೇಲಕ್ಕೆ ಹೋಗೋ ಹಾಗೆ ಮಾಡು ನೋಡೋಣ’ ಅನ್ನಿ. ಕಲಿತಿದ್ದರೆ ಮಾಡುತ್ತೆ. ಇಲ್ಲದಿದ್ದರೆ ಮೇಷ್ಟ್ರ ಮುಖ ನೋಡುತ್ತೆ.

ನನ್ನನ್ನು ಕೇಳಿದರೆ ಈ ರಜೆಯಲ್ಲಿ ಮನೆಯಲ್ಲೇ ಶುರು ಮಾಡಿ. ನಿಮಗೆ ಬರದೇ ಇರೋದು ಒಂದು ರೀತಿಯಲ್ಲಿ ಒಳ್ಳೆಯದೇ, ಉತ್ತರ ಹೇಳಿಕೊಡೋಕೆ ಆಗಲ್ಲವಲ್ಲ. ಪಕ್ಕದಲ್ಲಿ ಕೂತು ‘ಇದು ಯಾಕೆ ಹೀಗಾಯ್ತು?’ ಅಂತ ಕೇಳುತ್ತಿರಿ ಸಾಕು.

ನಾನು ಮೂರನೇ ಕ್ಲಾಸ್. ನನ್ನ ಬೆಕ್ಕು ಗೋಡೆಗೆ ಹೋಗಿ ವಾಪಸ್ ಬರುವಾಗ ತಲೆ ಕೆಳಗೆ ಮಾಡ್ಕೊಂಡು ನಡೆಯುತ್ತೆ. ಅಣ್ಣ ನಗ್ತಾನೆ. ಸರಿ ಮಾಡೋದು ಹೇಗೆ? – ಒಬ್ಬಳು ಪುಟ್ಟಿ, ಶಿವಮೊಗ್ಗ

ಪುಟ್ಟಿ, ಅಣ್ಣನ ಬೆಕ್ಕೂ ಮೊದಲ ಸಲ ಹೀಗೇ ನಡೆದಿರುತ್ತೆ, ಬೇಕಾದರೆ ಕೇಳು. ಸ್ಕ್ರ್ಯಾಚ್‌ನಲ್ಲಿ ಬಲಗಡೆ ಅಂದರೆ 90, ಎಡಗಡೆ ಅಂದರೆ ಮೈನಸ್ 90. ನಿನ್ನ ಬೆಕ್ಕು ಗೋಡೆಗೆ ತಾಗಿದಾಗ ಗಡಿಯಾರದ ಮುಳ್ಳು ತಿರುಗೋ ಥರ ಅರ್ಧ ಸುತ್ತು ತಿರುಗಿ ಎಡಕ್ಕೆ ಮುಖ ಮಾಡುತ್ತೆ. ಅರ್ಧ ಸುತ್ತು ತಿರುಗಿದರೆ ತಲೆ ಕೆಳಗೇ ಬರಬೇಕಲ್ವಾ? ನೀಲಿ ಬಣ್ಣದ ಮೋಷನ್ ಬ್ಲಾಕ್‌ಗಳಲ್ಲಿ ಕೆಳಗೆ ಹೋದರೆ ‘ಸೆಟ್ ರೊಟೇಶನ್ ಸ್ಟೈಲ್’ ಅಂತ ಒಂದಿದೆ. ಅದರಲ್ಲಿ ‘ಲೆಫ್ಟ್-ರೈಟ್’ ಆರಿಸಿ ಹಸಿರು ಬಾವುಟದ ಬ್ಲಾಕಿನ ಕೆಳಗೇ ಅಂಟಿಸು. ಆಮೇಲೆ ಅದೇ ಜಾಗದಲ್ಲಿ ‘ಡೋಂಟ್ ರೊಟೇಟ್’ ಅಂತ ಹಾಕಿ ಅಣ್ಣನಿಗೆ ತೋರಿಸು. ಆಗ ನಗೋ ಸರದಿ ನಿಂದು.

ಮಗ ಮಾವಿನಹಣ್ಣು ಹಿಡಿಯುವ ಆಟ ಮಾಡಿದ್ದಾನೆ. ಒಂದು ಹಣ್ಣಿಗೆ ಒಂದು ಪಾಯಿಂಟ್ ಬರಬೇಕು. ಆದರೆ ಒಂದು ಬುಟ್ಟಿಗೆ ಬಿದ್ದರೆ ಸ್ಕೋರ್ ಒಮ್ಮೆಲೇ 12, ಇನ್ನೊಮ್ಮೆ 17 ಹೀಗೆ ಏರುತ್ತದೆ. ಸಾಫ್ಟ್‌ವೇರ್‌ನಲ್ಲೇ ದೋಷವೇ? – ಓದುಗರು, ರಾಮನಗರ

ದೋಷ ಅಲ್ಲ, ಮಗ ಹೇಳಿದ್ದನ್ನೇ ಅದು ಮಾಡುತ್ತಿದೆ. ತುಂಬ ಮಕ್ಕಳು ಇಲ್ಲಿ ಸಿಕ್ಕಿಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಅವನ ಕೋಡ್ ಬಹುಶಃ ಹೀಗಿದೆ: ‘ಫಾರೆವರ್’ ಒಳಗೆ ‘ಇಫ್’, ಬುಟ್ಟಿಗೆ ತಾಗಿದ್ದರೆ ಸ್ಕೋರ್ ಒಂದು ಹೆಚ್ಚಿಸು. ಫಾರೆವರ್ ಅಂದರೆ ನಿಲ್ಲಿಸುವವರೆಗೆ ಸುತ್ತುತ್ತಲೇ ಇರುತ್ತದೆ, ಇಂಥ ಆಟದಲ್ಲಿ ಸೆಕೆಂಡಿಗೆ ಸುಮಾರು 30 ಸಲ. ಹಣ್ಣು ಬುಟ್ಟಿಯ ಮೇಲಂಚಿಗೆ ತಾಗಿ ಕೆಳಗಂಚು ದಾಟುವ ತನಕ ಅರ್ಧ ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ಅಷ್ಟರಲ್ಲಿ ‘ತಾಗಿದೆಯಾ?’ ಅಂತ ಹದಿನೈದು ಸಲ ಕೇಳಿ ಆಯ್ತು. ಹದಿನೈದು ಸಲವೂ ಹೌದು. ಹದಿನೈದು ಪಾಯಿಂಟ್. ನಮಗೆ ಅದು ಒಂದೇ ಸಲ ಬಿದ್ದಂತೆ ಕಾಣುತ್ತದೆ, ಕಂಪ್ಯೂಟರ್‌ಗೆ ಹಾಗಲ್ಲ.

ಪರಿಹಾರ ಸುಲಭ. ಸ್ಕೋರ್ ಹೆಚ್ಚಿಸಿದ ತಕ್ಷಣ, ಅದೇ ಇಫ್ ಒಳಗೇ, ಹಣ್ಣನ್ನು ಮೇಲಕ್ಕೆ ಕಳಿಸಿಬಿಡಬೇಕು. ಪರದೆಯ ನಡುಮಧ್ಯ ಸೊನ್ನೆ, ಅಡ್ಡಕ್ಕೆ ಎಕ್ಸ್ ಮೈನಸ್ 240ರಿಂದ 240, ಉದ್ದಕ್ಕೆ ವೈ ಮೈನಸ್ 180ರಿಂದ 180. ಹಾಗಾಗಿ ವೈ 170, ಎಕ್ಸ್‌ಗೆ ‘ಪಿಕ್ ರ‍್ಯಾಂಡಮ್’ ಮೈನಸ್ 200ರಿಂದ 200 ಅಂತ ಕೊಟ್ಟರೆ ಹಣ್ಣು ಪ್ರತಿ ಸಲ ಬೇರೆ ಬೇರೆ ಕಡೆಯಿಂದ ಬೀಳುತ್ತದೆ, ಮುಂದಿನ ಸುತ್ತಿಗೆ ಅದು ಬುಟ್ಟಿಗೆ ತಾಗಿರುವುದೇ ಇಲ್ಲ.

ಆದರೆ ದಯವಿಟ್ಟು ಇದನ್ನು ಓದಿ ನೀವೇ ಸರಿ ಮಾಡಿಬಿಡಬೇಡಿ. ಹಣ್ಣು ಬೀಳುವ ವೇಗ ತುಂಬಾ ಕಡಿಮೆ ಮಾಡು ಅಂತ ಅವನಿಗೆ ಹೇಳಿ. ಹಣ್ಣು ಬುಟ್ಟಿಯಲ್ಲಿ ನಿಧಾನಕ್ಕೆ ಇಳಿಯುತ್ತಿರುವಾಗ ಸ್ಕೋರ್ ದಡದಡ ಓಡೋದು ಕಣ್ಣಿಗೇ ಕಾಣುತ್ತದೆ. ಅಲ್ಲಿಗೆ ಅರ್ಧ ಕೆಲಸ ಆಯ್ತು. ಬಹಳ ಮಕ್ಕಳು ಅಲ್ಲೇ ‘ಓ!’ ಅಂತಾರೆ.

ಹಾಗೇ ಇನ್ನೊಂದು. ಎರಡನೇ ಸಲ ಆಡುವಾಗ ಹಳೇ ಸ್ಕೋರ್ ಹಾಗೇ ಉಳಿದಿದ್ದರೆ, ಬಾವುಟದ ಕೆಳಗೆ ‘ಸೆಟ್ ಸ್ಕೋರ್ 0’ ಹಾಕಿಲ್ಲ ಅಂತ ಅರ್ಥ. ಸ್ಕೋರ್ 1ರಲ್ಲೇ ನಿಂತಿದ್ದರೆ ‘ಚೇಂಜ್’ ಹಾಕುವಲ್ಲಿ ‘ಸೆಟ್’ ಹಾಕಿರುತ್ತಾನೆ.

ನಾನು ಸಾಫ್ಟ್‌ವೇರ್‌ನಲ್ಲಿ 14 ವರ್ಷದಿಂದ ಇದ್ದೇನೆ. ಈ ಬ್ಲಾಕ್ ಆಟ ನಿಜವಾದ ಪ್ರೋಗ್ರಾಮಿಂಗ್ ಅಂತ ನನಗೆ ಅನ್ನಿಸುವುದಿಲ್ಲ. ಮಗಳಿಗೆ ಹತ್ತು ವರ್ಷ. ನೇರ ಟೈಪ್ ಮಾಡಿ ಬರೆಯುವ ಪೈಥಾನ್ ಭಾಷೆಯನ್ನೇ ಕಲಿಸಬಾರದೇಕೆ? – ಓದುಗರು, ವೈಟ್‌ಫೀಲ್ಡ್, ಬೆಂಗಳೂರು

ಕಲಿಸಬಹುದು, ಯಾರೂ ಬೇಡ ಅನ್ನಲ್ಲ. ಆದರೆ ‘ನಿಜವಾದದ್ದಲ್ಲ’ ಅನ್ನೋ ಮಾತಿಗೆ ಸ್ವಲ್ಪ ಜಗಳ ಆಡ್ತೀನಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಶುರು ಮಾಡುವವರಿಗಿರುವ ಸಿಎಸ್50 ಕೋರ್ಸ್ ನಿಮಗೆ ಗೊತ್ತೇ ಇರುತ್ತದೆ. ಅದರ ಮೊದಲ ವಾರದ ಪಾಠ ಸ್ಕ್ರ್ಯಾಚ್‌ನಲ್ಲೇ, ಸಿ ಭಾಷೆ ಬರೋದು ಆಮೇಲೆ. ಬರ್ಕ್ಲಿ ವಿಶ್ವವಿದ್ಯಾಲಯದವರು ಸ್ಕ್ರ್ಯಾಚ್‌ನ ದಾರಿಯಲ್ಲೇ ಸ್ನ್ಯಾಪ್ ಅಂತ ಇನ್ನೊಂದು ಬ್ಲಾಕ್ ಭಾಷೆ ಬೆಳೆಸಿ ಕಾಲೇಜು ಹುಡುಗರಿಗೇ ಪಾಠ ಮಾಡುತ್ತಾರೆ, ರಿಕರ್ಶನ್ (ಕೋಡ್ ತನ್ನನ್ನೇ ಮತ್ತೆ ಕರೆದುಕೊಳ್ಳೋದು) ಕೂಡ.

ಬ್ಲಾಕ್ ತೆಗೆದುಹಾಕುವುದು ಏನನ್ನು? ಕಾಮಾ, ಕೋಲನ್, ಬ್ರ್ಯಾಕೆಟ್, ಸ್ಪೆಲ್ಲಿಂಗ್. ಹೊಂದದ ಬ್ಲಾಕ್ ಅಂಟಿಕೊಳ್ಳುವುದೇ ಇಲ್ಲ. ಷಡ್ಭುಜದ ತೂತಿಗೆ ಹೌದು-ಇಲ್ಲ ಅನ್ನುವ ಬ್ಲಾಕೇ ಹೋಗಬೇಕು. ಉಳಿಯುವುದು ಲೂಪು (ಮತ್ತೆ ಮತ್ತೆ ಮಾಡಿಸೋದು), ಕಂಡಿಶನ್ನು (ಹೀಗಿದ್ದರೆ ಹಾಗೆ ಮಾಡು), ವೇರಿಯೇಬಲ್ಲು (ಸ್ಕೋರ್‌ನ ಹಾಗೆ ಬದಲಾಗುವ ಲೆಕ್ಕ), ಇವೆಂಟು (ಬಾವುಟ ಒತ್ತಿದಂಥ ಸನ್ನೆ), ಏಕಕಾಲಕ್ಕೆ ಓಡುವ ನಾಲ್ಕಾರು ಸ್ಕ್ರಿಪ್ಟು (ಜೋಡಿಸಿದ ಬ್ಲಾಕ್‌ಗಳ ಸಾಲು). ನೀವು ಆಫೀಸಿನಲ್ಲಿ ತಲೆ ಕೆಡಿಸಿಕೊಳ್ಳೋದೂ ಇದಕ್ಕೇ ಅಲ್ವಾ, ಕಾಮಾ ಹಾಕೋದಕ್ಕಲ್ಲವಲ್ಲ.

ಒಂದು ಪ್ರಯೋಗ ಮಾಡಿ. ಎಡಗಡೆ ಕೆಳಮೂಲೆಯ ಬಟನ್ ಒತ್ತಿ ಗೆರೆ ಎಳೆಯುವ ‘ಪೆನ್’ ಬ್ಲಾಕ್‌ಗಳನ್ನು ಸೇರಿಸಿಕೊಳ್ಳಿ. ಮಗಳಿಗೆ ಮೊದಲು ಚೌಕ ಬರೆಯಲು ಹೇಳಿ: ನಾಲ್ಕು ಸಲ, 80 ಹೆಜ್ಜೆ, 90 ಡಿಗ್ರಿ ತಿರುಗು. ಸುಲಭ. ಆಮೇಲೆ ಸಮಬಾಹು ತ್ರಿಭುಜ ಬರೆ ಅನ್ನಿ. ಶಾಲೆಯಲ್ಲಿ ಕೋನ 60 ಅಂತ ಓದಿದ್ದರೆ 60 ಅಂತಲೇ ಹಾಕುತ್ತಾಳೆ. ತ್ರಿಭುಜ ಬರಲ್ಲ, ಬಾಯಿ ತೆರೆದ ಅರ್ಧ ಷಟ್ಕೋನ ಬರುತ್ತದೆ. ಆಗ ಬಾಯಿ ಬಿಡಬೇಡಿ. ಅವಳೇ ಎದ್ದು ನೆಲದ ಮೇಲೆ ತ್ರಿಭುಜದ ಹಾಗೆ ನಡೆದು ನೋಡಲಿ. ಮೂಲೆಯಲ್ಲಿ ತಾನು ತಿರುಗೋದು ಒಳಕೋನದಷ್ಟಲ್ಲ, ಹೊರಕೋನದಷ್ಟು, 120 ಅಂತ ಮೈಗೇ ತಿಳಿಯುತ್ತದೆ. ಪೂರ್ತಿ ಸುತ್ತಿ ಬಂದರೆ 360, ಎಷ್ಟು ಬಾಹುವೋ ಅಷ್ಟರಿಂದ ಭಾಗಿಸಿದರೆ ಆಯ್ತು. ಐದು ಮೂಲೆಯ ನಕ್ಷತ್ರಕ್ಕೆ ಮಾತ್ರ 144, ಅದು ಯಾಕೆ ಅಂತ ಅವಳೇ ಹುಡುಕಲಿ. ಕೊನೆಗೆ ಆ ಚೌಕವನ್ನೇ 36 ಸಲ, ಪ್ರತಿ ಸಲ 10 ಡಿಗ್ರಿ ತಿರುಗಿಸಿ ಬರೆದರೆ ಹೂವಿನಂಥ ರಂಗೋಲಿ. ಅದನ್ನು ಅಜ್ಜಿಗೆ ವಾಟ್ಸ್ಆ್ಯಪ್ ಮಾಡದ ಮಗುವನ್ನು ನಾನಿನ್ನೂ ಕಂಡಿಲ್ಲ.

ನೆಲದ ಮೇಲೆ ನಡೆದು ನೋಡುವ ಈ ಉಪಾಯ ನನ್ನದಲ್ಲ. 1967ರಲ್ಲಿ ಸೇಮೂರ್ ಪೆಪರ್ಟ್, ವಾಲಿ ಫರ್ಜೈಗ್, ಸಿಂಥಿಯಾ ಸೊಲೊಮನ್ ಸೇರಿ ಮಕ್ಕಳಿಗಾಗಿ ಲೋಗೋ ಭಾಷೆ ಮಾಡಿದರು. ಅದರಲ್ಲಿ ಆಜ್ಞೆಯಂತೆ ನಡೆದು ಗೆರೆ ಎಳೆಯುವ ಆಮೆಯನ್ನು ಮಕ್ಕಳು ಓಡಿಸುತ್ತಿದ್ದದ್ದು ಹೀಗೇ, ತಾವೇ ಆಮೆಯಾಗಿ ನಡೆದು. ಸ್ಕ್ರ್ಯಾಚ್ ಅದರದ್ದೇ ಸಂತಾನ. ನಿಮ್ಮ ಪೈಥಾನ್‌ನಲ್ಲೂ ‘ಟರ್ಟಲ್’, ಅಂದರೆ ಆಮೆ, ಅಂತ ಮಾಡ್ಯೂಲ್ ಇದೆಯಲ್ಲ, ಅದೂ ಅಲ್ಲಿಂದಲೇ ಬಂದಿದ್ದು. ಹಾಗಾಗಿ ಪೈಥಾನ್‌ಗೆ ಹೋಗುವ ದಿನ ಇದೇ ರಂಗೋಲಿಯನ್ನು ಟರ್ಟಲ್‌ನಲ್ಲಿ ಬರೆಸಿ. ಆ ದಿನ ಯಾವಾಗ? ‘ಬ್ಲಾಕ್ ಹುಡುಕಿ ಹುಡುಕಿ ಸಾಕಾಯ್ತು, ಟೈಪ್ ಮಾಡಿದ್ರೆ ಬೇಗ ಆಗುತ್ತಿತ್ತು’ ಅಂತ ಅವಳೇ ಗೊಣಗುವಾಗ. ನಿಮಗೆ ಅವಸರ ಆದಾಗಲ್ಲ.

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕನ್ನಡ ಮಾಧ್ಯಮ. ಏಳನೇ ತರಗತಿಯಲ್ಲಿ 38 ಮಕ್ಕಳು, ನಡೆಯುವ ಕಂಪ್ಯೂಟರ್ 6. ಇಂಟರ್ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಎರಡರಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ. ಏನಾದರೂ ಮಾಡಲು ಸಾಧ್ಯವೇ? – ಶಿಕ್ಷಕರು, ಸುರಪುರ

ಖಂಡಿತ ಸಾಧ್ಯ ಸರ್. ಇಂಟರ್ನೆಟ್ ಚಿಂತೆ ಮೊದಲು ಬಿಡಿ. ಸ್ಕ್ರ್ಯಾಚ್‌ನ ಆಫ್‌ಲೈನ್ ಆವೃತ್ತಿ ಇದೆ. ಇಂಟರ್ನೆಟ್ ಇರುವ ಕಡೆ ಒಂದು ಸಲ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಂಡರೆ ಸಾಕು. ಅದು ವಿಂಡೋಸ್‌ಗೆ. ಲಿನಕ್ಸ್‌ನ ಎರಡಕ್ಕೆ ಟರ್ಬೋವಾರ್ಪ್ ಅಂತ ಉಚಿತ ತಂತ್ರಾಂಶ ಹಾಕಿ, ಅದೂ ಸ್ಕ್ರ್ಯಾಚ್‌ನ ಎಸ್‌ಬಿ3 ಫೈಲುಗಳನ್ನೇ ತೆರೆಯುತ್ತದೆ. ಮಕ್ಕಳ ಫೈಲು ಆ ಕಂಪ್ಯೂಟರ್‌ನಿಂದ ಈ ಕಂಪ್ಯೂಟರ್‌ಗೆ ಹೋಗಬಹುದು. ಫೈಲಿಗೆ ಮಗುವಿನ ಹಾಜರಿ ನಂಬರ್ ಹಾಕಿಸಿ, ಇಲ್ಲದಿದ್ದರೆ 38 ‘ಅನ್‌ಟೈಟಲ್ಡ್’ಗಳ ಮಧ್ಯೆ ನೀವು ಕಳೆದುಹೋಗ್ತೀರಿ.

38 ಮಕ್ಕಳನ್ನು 6 ಕಂಪ್ಯೂಟರ್ ಮುಂದೆ ಒಟ್ಟಿಗೆ ಕೂರಿಸಬೇಡಿ, ಒಬ್ಬ ಒತ್ತುತ್ತಾನೆ, ಉಳಿದ ಐವರು ಕಿಟಕಿ ನೋಡುತ್ತಾರೆ. ಒಂದು ಕಂಪ್ಯೂಟರ್‌ಗೆ ಇಬ್ಬರು. ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರು ಬರೀ ಹೇಳಬೇಕು, ಮುಟ್ಟುವ ಹಾಗಿಲ್ಲ. ಹತ್ತು ನಿಮಿಷಕ್ಕೆ ಬದಲಿ. ಗಂಡು ಹುಡುಗರು ಮೌಸ್ ಬಿಟ್ಟುಕೊಡದ ಕಡೆ ಗಂಟೆ ಹೊಡೆದಾದರೂ ಬದಲಿಸಿ.

ಉಳಿದ 26 ಮಕ್ಕಳು ಅಂಗಳದಲ್ಲಿ. ಕುಂಟೆಬಿಲ್ಲೆಗೆ ಗೆರೆ ಎಳೆದ ಹಾಗೆ ಸುಣ್ಣದಲ್ಲಿ ಐದು ಬೈ ಐದರ ಚೌಕ ಹಾಕಿಸಿ, ಅಲ್ಲಲ್ಲಿ ಚಪ್ಪಲಿ ಇಟ್ಟು ದಾರಿ ಕಟ್ಟಿ. ಒಂದು ಮಗು ರೋಬೋ. ಮಿಕ್ಕವರು ಚೀಟಿಯಲ್ಲಿ ಆಜ್ಞೆ ಬರೆಯಬೇಕು: ಮುಂದೆ ಹೋಗು, ಬಲಕ್ಕೆ ತಿರುಗು, ‘3 ಸಲ ಮಾಡು’. ಚೀಟಿ ಪೂರ್ತಿ ಬರೆದ ಮೇಲೇ ಓದಬೇಕು, ನಡುವೆ ಕೂಗಿ ತಿದ್ದುವ ಹಾಗಿಲ್ಲ. ರೋಬೋ ಚಪ್ಪಲಿ ತುಳಿದರೆ ಯಾವ ಚೀಟಿಯಲ್ಲಿ ತಪ್ಪಾಯ್ತು ಅಂತ ಹುಡುಕಬೇಕು. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಗೆಳೆಯರು ಕಂಪ್ಯೂಟರೇ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಇಂಥ ಎಷ್ಟೋ ಚಟುವಟಿಕೆಗಳನ್ನು ಮಾಡಿಟ್ಟಿದ್ದಾರೆ. ಅಂಗಳದಲ್ಲಿ ಬರೆದ ಚೀಟಿಯನ್ನೇ ಹಿಡಿದುಕೊಂಡು ಒಳಗೆ ಬಂದು ಕೂತ ಮಗು ಬ್ಲಾಕ್‌ಗಾಗಿ ಹುಡುಕಾಡುವುದು ಕಡಿಮೆ.

ಇನ್ನು ಕನ್ನಡ. ಸ್ನ್ಯಾಪ್ ಅಂತ ಮೇಲೆ ಹೇಳಿದೆನಲ್ಲ, ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಬ್ಲಾಕ್‌ಗಳ ಮೇಲೆಯೇ ಕನ್ನಡ ಬರುತ್ತದೆ, ಕೆಲವು ಮಾತ್ರ ಇಂಗ್ಲಿಷಿನಲ್ಲಿ ಉಳಿಯುತ್ತವೆ. ಬೇಕಿದ್ದರೆ ಅದನ್ನು ತೋರಿಸಿ ಶುರು ಮಾಡಿ. ಸ್ಕ್ರ್ಯಾಚ್‌ನಲ್ಲೂ ಬೆಕ್ಕಿನ ಬಾಯಲ್ಲಿ ಕನ್ನಡ ಆಡಿಸಬಹುದು, ಸ್ಕೋರ್‌ಗೆ ‘ಅಂಕ’ ಅಂತ ಹೆಸರಿಡಬಹುದು. ಆದರೆ ಟೈಪಿಸುವುದು ಯೂನಿಕೋಡ್‌ನಲ್ಲಿ ಇರಲಿ. ಹಳೇ ನುಡಿ ಫಾಂಟಿನಲ್ಲಿ ಹೊಡೆದರೆ ಬೆಕ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಏನೇನೋ ಬಡಬಡಿಸುತ್ತದೆ. ಎಲ್ಲಕ್ಕಿಂತ ಸುಲಭ ದನಿ. ಒಂದು ಮೈಕ್ ಇದ್ದರೆ ಮಕ್ಕಳು ತಮ್ಮದೇ ದನಿ ರೆಕಾರ್ಡ್ ಮಾಡಲಿ. ಸುರಪುರದ ಮಾತಲ್ಲೇ ಬೆಕ್ಕು ಬೈಯ್ಯಲಿ, ಕ್ಲಾಸು ನಿಲ್ಲಿಸೋಕೆ ನೀವೇ ಒದ್ದಾಡಬೇಕಾಗುತ್ತೆ.

ಮೊಮ್ಮಗಳು ಸಿಂಗಪುರದಾಗ ಇರ್ತಾಳ್ರಿ. ಐದು ವರ್ಷ. ಓದಾಕ ಇನ್ನೂ ಬರಂಗಿಲ್ಲ. ಅಕಿ ಅಪ್ಪ ಟ್ಯಾಬ್‌ನಾಗ ಕೋಡಿಂಗ್ ಕಲಸ್ತೀನಿ ಅಂತಾನ. ಇಷ್ಟ ಸಣ್ಣ ಕೂಸಿಗೆ ಇದು ಬೇಕೇನ್ರಿ? – ಒಬ್ಬ ಅಜ್ಜಿ, ಧಾರವಾಡ

ಬೇಕೇಬೇಕು ಅಂತೇನಿಲ್ಲ ಅಮ್ಮಾ. ಮಾಡಿದರೂ ಹೆದರುವಂಥದ್ದೇನಿಲ್ಲ. ಓದಲು ಬಾರದ 5ರಿಂದ 7 ವರ್ಷದವರಿಗೆಂದೇ ಸ್ಕ್ರ್ಯಾಚ್ ಜೂನಿಯರ್ ಅಂತ ಇದೆ, 2014ರಲ್ಲಿ ಬಂದದ್ದು. ಅದರ ಬ್ಲಾಕ್‌ಗಳಲ್ಲಿ ಅಕ್ಷರ ಇಲ್ಲ, ಬರೀ ಚಿತ್ರ. ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸೋದು. ದನಿ ರೆಕಾರ್ಡ್ ಮಾಡಬಹುದು. ಮಗನಿಗೆ ಹೇಳಿ, ವಿಡಿಯೋ ಕಾಲ್‌ನಲ್ಲಿ ನೀವು ಒಂದು ಕಥೆ ಹೇಳೋದು, ಅವಳು ಅದನ್ನು ಟ್ಯಾಬ್‌ನಲ್ಲಿ ಕುಣಿಸೋದು. ಒಂದು ಕಥೆಗೆ ನಾಲ್ಕು ಪುಟ ಮಾತ್ರ, ಹಾಗಾಗಿ ಉದ್ದ ಕಥೆ ಹೇಳಬೇಡಿ.

ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ. ಆಗುತ್ತಾ? – ಓದುಗರು, ಕೊಪ್ಪಳ

ಬೇರೆಯವರು ಮಾಡಿದ್ದನ್ನು ನೋಡಲು, ಆಡಲು ಆಗುತ್ತದೆ. ಮಾಡಲು ಕಷ್ಟ, ಅಷ್ಟು ಸಣ್ಣ ಪರದೆಯಲ್ಲಿ ಬ್ಲಾಕ್ ಎಳೆದು ಕೂರಿಸೋದು ತಲೆನೋವು. ಟ್ಯಾಬ್ ಆದರೆ ನಡೆಯುತ್ತದೆ. ಮೂಲೆಗೆ ಬಿದ್ದ ಹಳೇ ಲ್ಯಾಪ್‌ಟಾಪ್ ನೆಂಟರ ಮನೆಯಲ್ಲಿ ಇದ್ದರೆ ಸಂಕೋಚ ಬಿಟ್ಟು ಕೇಳಿ. ಇದಕ್ಕಾಗಿ ಸಾಲ ಮಾಡಿ ಹೊಸದು ಕೊಳ್ಳಬೇಡಿ.

ಮಗಳು ಆಟ ಮಾಡುವುದೇ ಇಲ್ಲ. ಬರೀ ಕಾಗೆ, ನರಿ ಮಾತಾಡೋ ಕಥೆ ಮಾಡ್ತಾಳೆ. ಇದರಿಂದ ಕೋಡಿಂಗ್ ಬರುತ್ತಾ? ಜೊತೆಗೆ ಅವಳ ಕಾಗೆ, ನರಿ ಎರಡೂ ಒಟ್ಟಿಗೇ ಮಾತಾಡಿಬಿಡುತ್ತವೆ. – ಒಬ್ಬ ತಂದೆ, ಮೈಸೂರು

ಬರುತ್ತೆ, ಚೆನ್ನಾಗೇ ಬರುತ್ತೆ. ಎರಡೂ ಒಟ್ಟಿಗೆ ಮಾತಾಡುವುದು ಯಾಕೆಂದರೆ ಎರಡಕ್ಕೂ ಹಸಿರು ಬಾವುಟವೇ ಸನ್ನೆ. ಈಗ ಅವಳು ‘ವೆಯ್ಟ್’ ಹಾಕಿ ಸೆಕೆಂಡ್ ಲೆಕ್ಕ ಮಾಡಲು ಶುರು ಮಾಡುತ್ತಾಳೆ: ಕಾಗೆ 2 ಸೆಕೆಂಡ್, ನರಿ 2 ಕಾದು 3 ಮಾತಾಡಲಿ, ಹೀಗೆ. ಮಾಡಲಿ ಬಿಡಿ. ಮಧ್ಯೆ ಒಂದು ಮಾತು ಸೇರಿಸಬೇಕು ಅಂದಾಗ ಮುಂದಿನ ಎಲ್ಲ ಲೆಕ್ಕವೂ ಕೆಟ್ಟು ಸಿಟ್ಟಾಗುತ್ತಾಳೆ. ‘ಬ್ರಾಡ್‌ಕಾಸ್ಟ್’ ತೋರಿಸಲು ಅದೇ ಸರಿಯಾದ ಹೊತ್ತು. ಕಾಗೆ ಮಾತು ಮುಗಿಸಿ ‘ನಿನ್ನ ಸರದಿ’ ಅಂತ ಒಂದು ಸಂದೇಶ ಬಿಡುತ್ತದೆ, ನರಿ ಅದು ಬಂದಾಗ ಮಾತ್ರ ಬಾಯಿ ತೆರೆಯುತ್ತದೆ. ಆಮೇಲೆ ಎಷ್ಟು ಮಾತು ಸೇರಿಸಿದರೂ ಏನೂ ಕೆಡುವುದಿಲ್ಲ. ಒಂದು ಭಾಗ ಇನ್ನೊಂದಕ್ಕೆ ಸಂದೇಶ ಕಳಿಸಿ ಕೆಲಸ ಮಾಡಿಸೋದು ದೊಡ್ಡ ದೊಡ್ಡ ಸಾಫ್ಟ್‌ವೇರ್‌ಗಳಲ್ಲೂ ನಡೆಯುವ ಕ್ರಮ. ಹಣ್ಣು ಹಿಡಿಯುವ ಆಟ ಮಾಡುವ ಹುಡುಗರಿಗಿಂತ ಬೇಗ ಅವಳು ಅಲ್ಲಿಗೆ ಬಂದಿದ್ದಾಳೆ.

ಮಗ ಸ್ಕ್ರ್ಯಾಚ್ ವೆಬ್‌ಸೈಟಿನಲ್ಲಿ ಬೇರೆಯವರ ಆಟ ತೆಗೆದು ತನ್ನದು ಅಂತ ತೋರಿಸ್ತಾನೆ. ಅದು ಕಳ್ಳತನ ಅಲ್ವಾ? ಅಲ್ಲದೆ ಆನ್‌ಲೈನ್‌ನಲ್ಲಿ ಯಾರ್ಯಾರು ಇರ್ತಾರೋ ಅಂತ ಭಯ. – ಓದುಗರು, ಮಂಗಳೂರು

ಅದು ರೀಮಿಕ್ಸ್. ಅಲ್ಲಿ ಅದಕ್ಕೆ ಅಂತಲೇ ಬಟನ್ ಇದೆ, ಮೂಲ ಮಾಡಿದವರ ಹೆಸರೂ ತಾನಾಗೇ ಕಾಣುತ್ತದೆ. ಬೇರೆಯವರದ್ದನ್ನು ಬಿಚ್ಚಿ ನೋಡಿ ಕಲಿಯಲಿ ಅಂತಲೇ ಹಾಗೆ ಮಾಡಿದ್ದಾರೆ. ಮನೆಯಲ್ಲಿ ಒಂದು ನಿಯಮ ಇಡಿ: ತೆಗೆದುಕೋ, ಆದರೆ ನೀನು ಬದಲಿಸಿದ್ದು ಏನು ಅಂತ ತೋರಿಸು. ‘ಬಣ್ಣ ಬದಲಿಸಿದೆ’ ಅಂದರೂ ಮೊದಲಿಗೆ ಸರಿ.

ಭಯದ ಬಗ್ಗೆ. ಆಟ ಮಾಡಿ ಕಂಪ್ಯೂಟರ್‌ನಲ್ಲೇ ಉಳಿಸಿಕೊಳ್ಳಲು ಅಕೌಂಟೇ ಬೇಡ. ಅಕೌಂಟ್ ತೆರೆದರೂ ‘ಶೇರ್’ ಒತ್ತುವ ತನಕ ಅವನು ಮಾಡಿದ್ದು ಬೇರೆಯವರಿಗೆ ಕಾಣುವುದಿಲ್ಲ. ಖಾಸಗಿ ಮೆಸೇಜ್ ಸೌಲಭ್ಯ ಅಲ್ಲಿಲ್ಲ, ಕಾಮೆಂಟ್ ಎಲ್ಲ ಬಹಿರಂಗ, ಬೇಡವಾದರೆ ಅದನ್ನೂ ಬಂದ್ ಮಾಡಬಹುದು. ಯೂಸರ್‌ನೇಮ್‌ನಲ್ಲಿ ಮಗನ ಹೆಸರು, ಶಾಲೆ, ಹುಟ್ಟಿದ ವರ್ಷ ಇರಬಾರದು. ಇಮೇಲ್ ನಿಮ್ಮದು ಕೊಡಿ, ಪಾಸ್‌ವರ್ಡ್ ನಿಮಗೂ ಗೊತ್ತಿರಲಿ.

ಶುರು ಮಾಡಿದ್ದು ಒಂದನ್ನೂ ಮುಗಿಸಲ್ಲ. ಹತ್ತಿಪ್ಪತ್ತು ಅರ್ಧಂಬರ್ಧ ಫೈಲು ಬಿದ್ದಿವೆ. ಏನು ಮಾಡಲಿ? – ಒಬ್ಬ ತಾಯಿ, ಹಾಸನ

ಏನೂ ಮಾಡಬೇಡಿ, ಅವನ್ನು ಅಳಿಸಲೂಬೇಡಿ. ಆರು ತಿಂಗಳು ಬಿಟ್ಟು ಹಳೇದೊಂದನ್ನು ತೆರೆದು ತೋರಿಸಿ. ಆಗ ಸಿಕ್ಕಿಕೊಂಡು ಬಿಟ್ಟಿದ್ದು ಈಗ ಐದು ನಿಮಿಷದ ಕೆಲಸ ಆಗಿರಲೂಬಹುದು, ಅಥವಾ ‘ಇದೇನು ಬಾಲಿಶ’ ಅಂತ ಮುಚ್ಚಿಬಿಡಬಹುದು.

ಮುಂದಿನ ಸಂಚಿಕೆಗೆ ಪ್ರಶ್ನೆ ಕಳಿಸುವವರಿಗೆ ಒಂದು ಕೋರಿಕೆ. ‘ಆಟ ಓಡ್ತಾ ಇಲ್ಲ’ ಅಂತ ಒಂದೇ ಸಾಲು ಬರೆದರೆ ನನಗೇನೂ ತಿಳಿಯುವುದಿಲ್ಲ. ಏನಾಗಬೇಕಿತ್ತು, ಏನಾಗುತ್ತಿದೆ ಎರಡೂ ಬರೆಯಿರಿ, ಬ್ಲಾಕ್‌ಗಳ ಸ್ಕ್ರೀನ್‌ಶಾಟ್ ಅಥವಾ ಎಸ್‌ಬಿ3 ಫೈಲನ್ನೇ ಜೊತೆಗಿಡಿ. ಪತ್ರವನ್ನು ಮಗುವೇ ಬರೆದರೆ ಇನ್ನೂ ಒಳ್ಳೆಯದು, ಕಾಗುಣಿತ ನಾವು ನೋಡಿಕೊಳ್ತೀವಿ.